ಸಮುದ್ರದಿಂದ 50 ಮೀಟರ್ ಬಿಟ್ಟರೆ ಎಷ್ಟು ಮಹಡಿ ಬೇಕಾದರೂ ಕಟ್ಟಬಹುದೇ? ‘ಸೀ ವ್ಯೂ’ ಫಾರ್ವರ್ಡ್‌ನ ಅಸಲಿ ಲೆಕ್ಕ

‘ಸಿಹಿ ಸುದ್ದಿ! ಸಿಆರ್‌ಝಡ್ ಕಾನೂನು ರದ್ದಾಗಿದೆ. ಈಗ ಸಮುದ್ರದಿಂದ ಬರೀ 50 ಮೀಟರ್ ಬಿಟ್ಟು ಎಷ್ಟು ಮಹಡಿ ಬೇಕಾದರೂ ಕಟ್ಟಬಹುದು. ಗೋಕರ್ಣ, ಕುಮಟಾ, ಹೊನ್ನಾವರ ಕಡೆ ಸೀ ವ್ಯೂ ಪ್ಲಾಟ್. ಎನ್‌ಎ ಆಗಿದೆ, ಪಂಚಾಯಿತಿ ಲೈಸೆನ್ಸ್ ಇದೆ. ಬೇಗ ಬುಕ್ ಮಾಡಿ, ಹತ್ತು ಜನಕ್ಕೆ ಕಳಿಸಿ.’

ಇದೇ ಪದಗಳಲ್ಲಿ ಅಲ್ಲದಿದ್ದರೂ, ಈ ಧಾಟಿಯ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರಿನವರಿಗೆ ಸಮುದ್ರದ ಪ್ಲಾಟ್ ಯಾಕೆ ಎಂದು ಕೇಳಬೇಡಿ. ಹಾವೇರಿಯಿಂದ ಶಿರಸಿ ದಾಟಿ, ದೇವಿಮನೆ ಘಾಟಿ ಇಳಿದರೆ ಕುಮಟಾ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೀನು ಸಿಗುತ್ತದೆ. ಮೆಣಸಿನಕಾಯಿ ಸೀಸನ್ ಮುಗಿದು ಕೈಯಲ್ಲಿ ನಾಲ್ಕು ಕಾಸು ಇದ್ದಾಗ ‘ಗೋಕರ್ಣದ ಕಡೆ ಒಂದು ಜಾಗ’ ಎಂಬ ಮಾತು ಬಹಳ ಮನೆಗಳಲ್ಲಿ ಬರುತ್ತದೆ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಕಲಂಗಳನ್ನು ತೆಗೆದ ಮೇಲೆ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವುದು ಸುಲಭವಾಗಿದೆ. ಹಾಗಾಗಿ ಈ ಫಾರ್ವರ್ಡ್‌ಗೆ ಮೊದಲಿಗಿಂತ ಹೆಚ್ಚು ಗಿರಾಕಿಗಳಿದ್ದಾರೆ.

ಮೊದಲು ಚುಟುಕಾಗಿ ಉತ್ತರ. ಸಿಆರ್‌ಝಡ್ ರದ್ದಾಗಿಲ್ಲ. 50 ಮೀಟರ್ ಎಂಬುದು ಅರ್ಧ ನಿಜ, ಅದೂ ಕೆಲವೇ ಹಳ್ಳಿಗಳಿಗೆ. ‘ಎಷ್ಟು ಮಹಡಿ ಬೇಕಾದರೂ’ ಎಂಬುದು ಪೂರ್ತಿ ಸುಳ್ಳು: ನಿಯಮದ ವ್ಯಾಪ್ತಿಯೊಳಗಿನ ಕರಾವಳಿ ಹಳ್ಳಿಯಲ್ಲಿ ಮನೆಯ ಎತ್ತರಕ್ಕೆ ಈಗಲೂ 9 ಮೀಟರ್‌ನ ಮಿತಿ ಇದೆ. ಅಂದರೆ ನೆಲಮಹಡಿ ಮತ್ತು ಅದರ ಮೇಲೊಂದು. ಅಷ್ಟೇ.

ಈ 9 ಮೀಟರ್ ಎಲ್ಲಿಂದ ಬಂತು, ಯಾಕೆ ಇದೆ ಎಂದು ನೋಡಿದರೆ ಇದು ಬರೀ ಕಾಗದದ ವಿಷಯವಲ್ಲ ಎಂದು ತಿಳಿಯುತ್ತದೆ.

ಒಂದು ಪತ್ರದಿಂದ ಶುರುವಾದದ್ದು

1981ರ ನವೆಂಬರ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಭರತದ ನೀರು ತಲುಪುವ ಗಡಿಯಿಂದ ಕನಿಷ್ಠ 500 ಮೀಟರ್‌ವರೆಗಿನ ಕಡಲತೀರವನ್ನು ಕಟ್ಟಡಗಳಿಂದ, ಇತರ ಚಟುವಟಿಕೆಗಳಿಂದ ಮುಕ್ತವಾಗಿಡಿ ಎಂಬುದು ಅದರ ಸಾರ. ಪತ್ರಕ್ಕೆ ಕಾನೂನಿನ ಬಲ ಇರಲಿಲ್ಲ. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ 1991ರ ಫೆಬ್ರವರಿ 19ರಂದು ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತು. ನಾವು ಸಿಆರ್‌ಝಡ್ ಎನ್ನುವುದು ಇದನ್ನೇ.

ಆ ಅಧಿಸೂಚನೆ ಕಡಲ ಪಕ್ಕದ 500 ಮೀಟರ್ ಪಟ್ಟಿಯನ್ನು ವರ್ಗಗಳಾಗಿ ವಿಂಗಡಿಸಿತು. ಕಾಂಡ್ಲಾ ಕಾಡು, ಮರಳುದಿಬ್ಬ, ಆಮೆ ಮೊಟ್ಟೆಯಿಡುವ ಜಾಗದಂಥವು ಒಂದನೇ ವರ್ಗ. ಈಗಾಗಲೇ ಬೆಳೆದುಬಿಟ್ಟ ಪಟ್ಟಣ, ನಗರ ಎರಡನೆಯದು. ಹಳ್ಳಿಗಳು ಮೂರನೆಯದು. ಹಳ್ಳಿಗಳಲ್ಲಿ ಮೊದಲ 200 ಮೀಟರ್‌ನಲ್ಲಿ ಹೊಸದೇನನ್ನೂ ಕಟ್ಟುವಂತಿಲ್ಲ; 200ರಿಂದ 500 ಮೀಟರ್ ನಡುವೆ ಕಟ್ಟಬಹುದು, ಆದರೆ 9 ಮೀಟರ್ ಮೀರುವಂತಿಲ್ಲ, ಎರಡು ಅಂತಸ್ತು ಮೀರುವಂತಿಲ್ಲ.

1994ರಲ್ಲಿ ಇದನ್ನು ಸಡಿಲಿಸುವ ತಿದ್ದುಪಡಿ ಬಂತು. ಹೊಳೆ, ಅಳಿವೆಗಳ ಪಕ್ಕದಲ್ಲಿ ಬಿಡಬೇಕಾದ 100 ಮೀಟರನ್ನು 50ಕ್ಕೆ ಇಳಿಸಿತ್ತು. 1996ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸಡಿಲಿಕೆಯನ್ನು ರದ್ದು ಮಾಡಿತು. 2011ರ ಜನವರಿ 6ರಂದು ಹೊಸ ಅಧಿಸೂಚನೆ, 2019ರ ಜನವರಿ 18ರಂದು ಮತ್ತೊಂದು. ಈಗ ಜಾರಿಯಲ್ಲಿರುವುದು 2019ರದ್ದು. ಹೊಸದು ಬಂದು ಹಳೆಯದು ಹೋಗಿದ್ದನ್ನೇ ಯಾರೋ ‘ರದ್ದು’ ಎಂದು ಓದಿಕೊಂಡಿದ್ದಾರೆ, ಇಲ್ಲವೇ ಓದಿಸಿದ್ದಾರೆ.

50 ಮೀಟರ್ ಯಾರಿಗೆ?

2019ರ ಅಧಿಸೂಚನೆ ಹಳ್ಳಿಗಳನ್ನು ಎರಡು ಗುಂಪು ಮಾಡಿತು. 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಹಳ್ಳಿ ‘3-ಎ’. ಅಲ್ಲಿ ಮಾತ್ರ ಕಟ್ಟಡ ನಿಷೇಧದ ಪಟ್ಟಿ 50 ಮೀಟರಿಗೆ ಇಳಿಯಿತು. ಅದಕ್ಕಿಂತ ಕಡಿಮೆ ಜನಸಾಂದ್ರತೆಯ ಹಳ್ಳಿಗಳೆಲ್ಲ ‘3-ಬಿ’. ಅಲ್ಲಿ ಹಳೆಯ 200 ಮೀಟರ್ ಹಾಗೇ ಇದೆ.

2,161 ಎಂದರೆ ಎಷ್ಟು ದಟ್ಟ? ಅದೇ ಜನಗಣತಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಸಾಂದ್ರತೆ 331. ಉತ್ತರ ಕನ್ನಡದ್ದು 140. ಅಂದರೆ ಉತ್ತರ ಕನ್ನಡದ ಸರಾಸರಿಯ ಹದಿನೈದು ಪಟ್ಟು ಒತ್ತೊತ್ತಾಗಿ ಜನ ಇರಬೇಕು. ಜಿಲ್ಲೆಯ ಸರಾಸರಿಯಲ್ಲಿ ದೊಡ್ಡ ಕಾಡೂ ಸೇರಿರುತ್ತದೆ, ಹಾಗಾಗಿ ಕಡಲಂಚಿನ ಕೆಲವು ಮೀನುಗಾರರ ಕೇರಿಗಳು ನಿಜಕ್ಕೂ ದಟ್ಟವಾಗಿರಬಹುದು. ಅದನ್ನು ನೋಡಬೇಕಾದ್ದು ಹಳ್ಳಿವಾರು ನಕ್ಷೆಯಲ್ಲಿ. ತೆಂಗಿನ ತೋಟ, ನಡುವೆ ಗದ್ದೆ, ಅಲ್ಲೊಂದು ಇಲ್ಲೊಂದು ಮನೆ ಇರುವ ‘ಪ್ರಶಾಂತ ಪರಿಸರದ’ ಪ್ಲಾಟು ಎಂದು ಒಂದೇ ಉಸಿರಿನಲ್ಲಿ ಹೇಳಿ, 50 ಮೀಟರ್ ಎಂದೂ ಹೇಳಿದರೆ, ಎರಡರಲ್ಲಿ ಒಂದು ಸುಳ್ಳಾಗಿರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಮಾತು. ಈ ಮೀಟರುಗಳನ್ನು ಅಳೆಯುವುದು ಇವತ್ತು ಅಲೆ ಬಂದು ಮುಟ್ಟಿದ ಜಾಗದಿಂದ ಅಲ್ಲ, ‘ಭರತರೇಖೆ’ಯಿಂದ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ನೀರು ತಲುಪುವ ಅತಿ ಮೇಲಿನ ಗೆರೆ ಅದು. ಚೆನ್ನೈನಲ್ಲಿರುವ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ ಅದನ್ನು ಗುರುತಿಸಿ ನಕ್ಷೆಯಲ್ಲಿ ಹಾಕುತ್ತದೆ. ಮೊಬೈಲ್ ಮ್ಯಾಪಿನಲ್ಲಿ ನೀಲಿ ಬಣ್ಣ ಮುಗಿದಲ್ಲಿಂದ ಬೆರಳಿಟ್ಟು ಅಳೆದರೆ ಅದಕ್ಕೆ ಬೆಲೆಯಿಲ್ಲ. ಜನವರಿಯಲ್ಲಿ ಅಗಲವಾಗಿ ಕಾಣುವ ಬೀಚು ಜುಲೈನಲ್ಲಿ ಎಷ್ಟಿರುತ್ತದೆ ಎಂದು ಮಳೆಗಾಲದಲ್ಲಿ ಹೋದವರನ್ನು ಕೇಳಿ.

ಹಾಗಾದರೆ ಸಡಿಲವಾದದ್ದು ಏನೂ ಇಲ್ಲವೇ?

ಇದೆ, ಮುಚ್ಚಿಡುವ ಅಗತ್ಯವಿಲ್ಲ. 3-ಎ ಹಳ್ಳಿಗಳ 50 ಮೀಟರ್ ದೊಡ್ಡ ಸಡಿಲಿಕೆಯೇ. ಉಬ್ಬರದ ಉಪ್ಪುನೀರು ಒಳನುಗ್ಗುವ ಹೊಳೆ, ಹಿನ್ನೀರುಗಳ ದಂಡೆಯಲ್ಲಿ ನಿಯಮ ಅನ್ವಯಿಸುವ ಪಟ್ಟಿಯೂ 100 ಮೀಟರಿನಿಂದ 50ಕ್ಕೆ ಅಥವಾ ಹೊಳೆಯ ಅಗಲಕ್ಕೆ, ಯಾವುದು ಕಡಿಮೆಯೋ ಅದಕ್ಕೆ, ಇಳಿಯಿತು. 1996ರಲ್ಲಿ ಕೋರ್ಟ್ ಒಪ್ಪದಿದ್ದ ಅದೇ 50 ಹೊಸ ಅಧಿಸೂಚನೆಯ ಮೂಲಕ ಒಳಬಂತು ಎನ್ನಬಹುದು. ರಾಷ್ಟ್ರೀಯ ಅಥವಾ ರಾಜ್ಯ ಹೆದ್ದಾರಿ ಈ ನಿಷೇಧಿತ ಪಟ್ಟಿಯೊಳಗೇ ಹಾದುಹೋಗುವ ಕಡೆ, ರಸ್ತೆಯ ಒಳಬದಿಯಲ್ಲಿ ಪ್ರವಾಸೋದ್ಯಮ ಯೋಜನೆಯ ಷರತ್ತಿಗೆ ಒಳಪಟ್ಟು ರೆಸಾರ್ಟಿಗೂ ಅವಕಾಶ ಕೊಟ್ಟಿದೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ ಇರುವುದನ್ನು ನೋಡಿದವರಿಗೆ ಈ ಸಾಲಿನ ತೂಕ ಗೊತ್ತಾಗುತ್ತದೆ. ಬೀಚಿನಲ್ಲಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ತಾತ್ಕಾಲಿಕ ಗುಡಿಸಲು ಅಂಗಡಿ ಹಾಕಲು ಭರತರೇಖೆಯಿಂದ 10 ಮೀಟರ್ ಬಿಟ್ಟರೆ ಸಾಕು.

ಮೀನುಗಾರ ಕುಟುಂಬಗಳು ತಮ್ಮ ಮನೆಯ ಪಾಯ, ವಿನ್ಯಾಸ, ಮುಂಭಾಗ ಬದಲಿಸದೆ ಹೋಮ್‌ಸ್ಟೇ ನಡೆಸಬಹುದು. 300 ಚದರ ಮೀಟರ್‌ವರೆಗಿನ ಸ್ವಂತ ವಾಸದ ಮನೆಗೆ ಸ್ಥಳೀಯ ಸಂಸ್ಥೆಯೇ ಸಿಆರ್‌ಝಡ್ ನಿಯಮ ನೋಡಿ ಅನುಮತಿ ಕೊಡಬಹುದು. ಇವು ಒಳ್ಳೆಯ ಬದಲಾವಣೆಗಳೇ ಎಂದು ನಮಗೆ ಅನಿಸುತ್ತದೆ. ತಲೆತಲಾಂತರದಿಂದ ಕಡಲ ದಂಡೆಯಲ್ಲಿರುವವನ ಮನೆ ರಿಪೇರಿ ಕಾಗದಕ್ಕಾಗಿ ಕಾಯುವುದು, ಹೊರಗಿನಿಂದ ಬಂದವನ ರೆಸಾರ್ಟು ಮೇಲೇಳುವುದು, ಇದು ಕರಾವಳಿಯಲ್ಲಿ ಬಹಳ ಹಳೆಯ ದೂರು.

ಆದರೆ ಇಷ್ಟೆಲ್ಲ ಸಡಿಲಿಸಿದ 2019ರ ಅಧಿಸೂಚನೆಯೂ ಹಳ್ಳಿಯ ಎತ್ತರದ ಮಿತಿಯನ್ನು ಮುಟ್ಟಲಿಲ್ಲ. ಮನೆಗೂ 9 ಮೀಟರ್, ಬೀಚ್ ರೆಸಾರ್ಟಿಗೂ 9 ಮೀಟರ್, ಅದೂ ಚಾವಣಿಯ ತುದಿಯವರೆಗೆ ಅಳೆದು. ರೆಸಾರ್ಟಿಗೆ ಇನ್ನೂ ಎರಡು ಷರತ್ತು: ಜಾಗ ಕನಿಷ್ಠ 0.4 ಹೆಕ್ಟೇರ್, ಅಂದರೆ ಸುಮಾರು ಒಂದು ಎಕರೆ ಇರಬೇಕು. ಎಲ್ಲ ಅಂತಸ್ತುಗಳ ವಿಸ್ತೀರ್ಣ ಸೇರಿಸಿದರೂ ಜಾಗದ ಶೇ 33 ಮೀರಬಾರದು.

‘ಮಂಗಳೂರಿನಲ್ಲಿ ಅಷ್ಟೆತ್ತರ ಕಟ್ಟಿದ್ದಾರಲ್ಲ?’ ಎಂಬ ಪ್ರಶ್ನೆ ಬರುತ್ತದೆ. ನಗರದ ಕಡಲಂಚು ಎರಡನೇ ವರ್ಗ. ಅಲ್ಲಿ ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಒಳಬದಿಯಲ್ಲಿ ನಗರದ ನಿಯಮದಂತೆ ಕಟ್ಟಬಹುದು. 500 ಮೀಟರ್ ದಾಟಿದ ಮೇಲಂತೂ ಸಿಆರ್‌ಝಡ್ ಅನ್ವಯವೇ ಆಗುವುದಿಲ್ಲ. ನಗರದ ಬಹುಮಹಡಿಯ ವಿಡಿಯೊ ತೋರಿಸಿ ಹಳ್ಳಿಯ ಪ್ಲಾಟ್ ಮಾರುವುದು ಹಳೆಯ ತಂತ್ರ. ಹಳ್ಳಿಗೆ ನಾಳೆ ಪಟ್ಟಣದ ಪಟ್ಟ ಸಿಕ್ಕರೂ ತಾನಾಗಿಯೇ ಎರಡನೇ ವರ್ಗ ಆಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ನಿವೇಶನಗಳಲ್ಲಿ ಕಟ್ಟಡ ಆಗಿರಬೇಕು, ನೀರು, ಚರಂಡಿ, ರಸ್ತೆ ಇರಬೇಕು.

ನೆಲದ ಕೆಳಗಿನ ಲೆಕ್ಕ

ಕಟ್ಟಡ ಎತ್ತರವಾದರೆ ಕಣ್ಣಿಗೆ ಅಡ್ಡ, ನೋಟ ಹಾಳು, ಅಷ್ಟೇ ತಾನೇ ಎಂದು ಬಹಳ ಜನ ತಿಳಿದಿದ್ದಾರೆ. ನೋಟದ ಮಾತೂ ಸಣ್ಣದಲ್ಲ. ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ 1960ರ ದಶಕದಲ್ಲಿ ಸಾನೂರ್ ಕಡಲತೀರದಲ್ಲಿ ಹತ್ತು ಅಂತಸ್ತಿನ ಹೋಟೆಲ್ ಎದ್ದುನಿಂತ ಮೇಲೆ ಜನ ಬೆಚ್ಚಿದರು. ಮುಂದೆ ಅಲ್ಲಿ ಕಟ್ಟಡಕ್ಕೆ 15 ಮೀಟರ್, ಹೆಚ್ಚುಕಡಿಮೆ ಒಂದು ತೆಂಗಿನಮರದ ಎತ್ತರ, ಎಂಬ ಮಿತಿ ಬಂತು. ನಮ್ಮ ಊರ ತಳಿಯ ಎತ್ತರದ ತೆಂಗು 20 ಮೀಟರ್ ದಾಟುತ್ತದೆ. 9 ಮೀಟರಿನ ಮನೆ ಅದರ ನೆರಳಿನೊಳಗೇ ಉಳಿಯುತ್ತದೆ. ಕುಮಟಾ, ಹೊನ್ನಾವರದ ಹಳ್ಳಿಗಳನ್ನು ಕಡಲಿನ ಕಡೆಯಿಂದ ನೋಡಿದರೆ ತೋಟ ಕಾಣುತ್ತದೆ, ಊರು ಕಾಣುವುದಿಲ್ಲ ಎನ್ನುವುದಕ್ಕೆ ಕಾರಣ ಇದೇ.

ಆದರೆ ದೊಡ್ಡ ಸಂಗತಿ ಇರುವುದು ಕಣ್ಣಿಗೆ ಕಾಣದಲ್ಲಿ, ಬಾವಿಯಲ್ಲಿ.

ನಮ್ಮ ಬಯಲುಸೀಮೆಯಲ್ಲಿ ನೀರು ಕಡಿಮೆಯಾದರೆ ‘ಇನ್ನೊಂದು ನೂರು ಅಡಿ ಇಳಿಸ್ರಿ’ ಎನ್ನುತ್ತೇವೆ. ಕಡಲಂಚಿನ ಮರಳಿನಲ್ಲಿ ಈ ಬುದ್ಧಿ ತಿರುಗುಮುರುಗು. ಅಲ್ಲಿ ಮಳೆಯ ಸಿಹಿನೀರು ಮರಳಿನಲ್ಲಿ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮಜ್ಜಿಗೆಯ ಮೇಲೆ ಬೆಣ್ಣೆ ಇದ್ದಂತೆ ಎಂದುಕೊಳ್ಳಿ. ಸಿಹಿನೀರು ಉಪ್ಪುನೀರಿಗಿಂತ ತುಸು ಹಗುರ: ಒಂದು ಲೀಟರ್ ಸಿಹಿನೀರು 1,000 ಗ್ರಾಂ ಇದ್ದರೆ ಸಮುದ್ರದ ನೀರು ಸುಮಾರು 1,025 ಗ್ರಾಂ. ಈ ಸಣ್ಣ ವ್ಯತ್ಯಾಸದಿಂದ ಒಂದು ಲೆಕ್ಕ ಹುಟ್ಟುತ್ತದೆ. ಅದನ್ನು ಗುರುತಿಸಿದ ಡಚ್ ಮತ್ತು ಜರ್ಮನ್ ಎಂಜಿನಿಯರುಗಳ ಹೆಸರಿನಲ್ಲಿ ಘೈಬೆನ್–ಹರ್ಜ್‌ಬರ್ಗ್ ಸಂಬಂಧ ಎನ್ನುತ್ತಾರೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ, ಅದರ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರುತ್ತದೆ.

ಈಗ ಉಲ್ಟಾ ಯೋಚಿಸಿ. ಪಂಪು ಹಾಕಿ ಆ ಮಟ್ಟವನ್ನು ಅರ್ಧ ಮೀಟರ್ ಇಳಿಸಿ, ಅದನ್ನು ಹಾಗೇ ಇಳಿಸಿಟ್ಟರೆ, ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 20 ಮೀಟರ್ ಮೇಲೇರುತ್ತದೆ. ವಾಸ್ತವದಲ್ಲಿ ಮಣ್ಣಿನ ಪದರ, ಮಳೆ, ಪಂಪಿನ ಜಾಗ ನೋಡಿಕೊಂಡು ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ, ದಿಕ್ಕು ಮಾತ್ರ ಬದಲಾಗುವುದಿಲ್ಲ. ಆಳಕ್ಕೆ ಹೋದಷ್ಟೂ ಉಪ್ಪು ಹತ್ತಿರ. ಅದಕ್ಕೇ ಕರಾವಳಿಯ ಹಳ್ಳಿಗಳಲ್ಲಿ ಕೈಗೆಟಕುವಷ್ಟು ನೀರಿರುವ ಆಳವಿಲ್ಲದ ತೆರೆದ ಬಾವಿಗಳು. ಅಜ್ಜಂದಿರಿಗೆ ಸೂತ್ರ ಗೊತ್ತಿರಲಿಲ್ಲ, ಬಿಂದಿಗೆಯಿಂದ ಎಷ್ಟು ಸೇದಬಹುದು ಎಂದು ಗೊತ್ತಿತ್ತು.

ಎತ್ತರದ ಕಟ್ಟಡ ಇಲ್ಲಿಗೆ ಏನು ಮಾಡುತ್ತದೆ? ಎಂಟು ಅಂತಸ್ತು, ಅಂತಸ್ತಿಗೆ ನಾಲ್ಕು ಫ್ಲ್ಯಾಟ್, ಫ್ಲ್ಯಾಟಿಗೆ ನಾಲ್ಕು ಜನ ಎಂದು ಹಿಡಿಯೋಣ. 128 ಜನ. ನಗರದ ನೀರು ಪೂರೈಕೆಗೆ ಎಂಜಿನಿಯರುಗಳು ಬಳಸುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. ಹಾಗೆ ನೋಡಿದರೆ ದಿನಕ್ಕೆ 17,280 ಲೀಟರ್. ಹಳ್ಳಿಗಳಿಗೆ ಜಲ ಜೀವನ್ ಮಿಷನ್ ಇಟ್ಟುಕೊಂಡ ಅಳತೆ ತಲೆಗೆ 55 ಲೀಟರ್. ಅಂದರೆ ಒಂದೇ ಪ್ಲಾಟಿನ ಮೇಲೆ ನಿಂತ ಒಂದೇ ಕಟ್ಟಡ, ಹಳ್ಳಿಯ 314 ಜನರ ನೀರನ್ನು ಕುಡಿಯುತ್ತದೆ. ಈಜುಕೊಳ, ಹುಲ್ಲುಹಾಸು ಈ ಲೆಕ್ಕದಲ್ಲಿ ಸೇರಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಹೌದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಕಡಲಿಗೆ ಹೋಗಿರುತ್ತದೆ. ಪ್ರವಾಸಿಗರು ತುಂಬುವುದು ಡಿಸೆಂಬರ್‌ನಿಂದ ಮೇವರೆಗೆ, ಬಾವಿ ಇಳಿಯುತ್ತಿರುವ ಹೊತ್ತಿಗೆ.

ಬಳಸಿದ ನೀರಿನ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ. ಮೇಲಿನ ಕಟ್ಟಡಕ್ಕೆ ಅದು ದಿನಕ್ಕೆ 13,800 ಲೀಟರ್. ಒಳಚರಂಡಿ ಜಾಲ ಇಲ್ಲದ ಹಳ್ಳಿಯಲ್ಲಿ ಅದು ಇಂಗುಗುಂಡಿಗೆ, ಅಲ್ಲಿಂದ ಮರಳಿಗೆ, ಮರಳಿನಿಂದ ಪಕ್ಕದ ಮನೆಯ ಬಾವಿಗೆ. ಮರಳು ನೀರನ್ನು ತಡೆಯುವುದಿಲ್ಲ, ಬೇಗ ಬೇಗ ಬಿಟ್ಟುಕೊಡುತ್ತದೆ. ಹೀಗೆ ಒಂದೇ ಬಾವಿಗೆ ಕೆಳಗಿನಿಂದ ಉಪ್ಪು, ಪಕ್ಕದಿಂದ ಕೊಳಚೆ. ಉಪ್ಪಾದ ಬಾವಿ ಮುಂದಿನ ಮಳೆಗಾಲಕ್ಕೆ ಸರಿಹೋಗುತ್ತದೆ ಎಂಬ ಖಾತರಿಯೂ ಇಲ್ಲ. ಮತ್ತೆ ಸಿಹಿಯಾಗಲು ವರ್ಷಗಳೇ ಹಿಡಿಯಬಹುದು. ಭರತರೇಖೆಯಿಂದ 200 ಮೀಟರ್ ಒಳಗೆ ಅಂತರ್ಜಲ ಎತ್ತುವುದಕ್ಕೆ 1991ರಲ್ಲೇ ಕಡಿವಾಣ ಹಾಕಿದ್ದು ಸುಮ್ಮನೆ ಅಲ್ಲ.

ಎತ್ತರ ಎಂದರೆ ಒಂದೇ ಜಾಗದ ಮೇಲೆ ಜನರನ್ನು ಒಬ್ಬರ ತಲೆ ಮೇಲೆ ಒಬ್ಬರಂತೆ ಪೇರಿಸುವುದು. ಜನ ಎಂಟು ಪಟ್ಟಾಗಬಹುದು, ಆ ಜಾಗದ ಮೇಲೆ ಬೀಳುವ ಮಳೆ ಎಂಟು ಪಟ್ಟಾಗುವುದಿಲ್ಲ.

ನೆರಳು, ಬೆಳಕು ಮತ್ತು ಆಮೆಮರಿ

ನಮ್ಮದು ಪಶ್ಚಿಮ ಕರಾವಳಿ. ಕಟ್ಟಡ ಪೂರ್ವಕ್ಕೆ, ಮರಳು ಪಶ್ಚಿಮಕ್ಕೆ. ಹಾಗಾಗಿ ಬೆಳಗಿನ ನೆರಳು ಬೀಚಿನ ಮೇಲೆ ಬೀಳುತ್ತದೆ. ಸೂರ್ಯ ಹುಟ್ಟಿ ಒಂದು ಗಂಟೆಯಾದಾಗ ಅವನು ಬಾನಂಚಿನಿಂದ ಸುಮಾರು 15 ಡಿಗ್ರಿ ಮೇಲಿರುತ್ತಾನೆ. ಆಗ 9 ಮೀಟರಿನ ಮನೆಯ ನೆರಳು ಸುಮಾರು 34 ಮೀಟರ್. 50 ಮೀಟರ್ ಹಿಂದಿದ್ದರೆ ಭರತರೇಖೆಯನ್ನು ಮುಟ್ಟುವುದಿಲ್ಲ. 24 ಮೀಟರಿನ ಎಂಟು ಅಂತಸ್ತಿನದ್ದು 90 ಮೀಟರ್. ಮುಟ್ಟಿ ದಾಟಿ ಹೋಗುತ್ತದೆ. ಬೆಳಗಿನ ಬಿಸಿಲಿಗೆ ಮೀನು ಒಣಹಾಕುವವರಿಗೆ ಇದರ ಅರ್ಥ ಹೇಳಬೇಕಿಲ್ಲ.

ಕಡಲಾಮೆಗೂ ಇದು ಸಂಬಂಧಿಸಿದ್ದು. ಹೊನ್ನಾವರದ ಕಾಸರಕೋಡು ಟೊಂಕದ ಕಡೆ ಆಲಿವ್ ರಿಡ್ಲೆ ಆಮೆಗಳು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮರಳಿನ ಬಿಸಿ: ಸುಮಾರು 29–30 ಡಿಗ್ರಿ ಸೆಲ್ಸಿಯಸ್ ಗಡಿ, ಅದಕ್ಕಿಂತ ತಂಪಾದರೆ ಗಂಡು, ಬಿಸಿಯಾದರೆ ಹೆಣ್ಣು ಹೆಚ್ಚು. ಅಮೆರಿಕದ ಫ್ಲೋರಿಡಾದಲ್ಲಿ ಬಹುಮಹಡಿ ಕಟ್ಟಡಗಳ ನೆರಳು ಬೀಳುವ ಬೀಚಿನಲ್ಲಿ ಮರಳು ತಂಪಾಗುವುದನ್ನು ಸಂಶೋಧಕರು 1990ರ ದಶಕದಲ್ಲೇ ಅಳೆದಿದ್ದಾರೆ. ಬಿಸಿಯಾಗುತ್ತಿರುವ ಭೂಮಿಗೆ ನೆರಳು ಒಳ್ಳೆಯದೇ ಅಲ್ಲವೇ ಎಂದು ಕೇಳಿದರೆ, ಒಂದು ಮಟ್ಟಿಗೆ ಹೌದು. ಆದರೆ ಬೆಳಕಿನ ವಿಷಯದಲ್ಲಿ ಅಂಥ ಸಮಾಧಾನವಿಲ್ಲ. ರಾತ್ರಿ ಮೊಟ್ಟೆಯೊಡೆದ ಮರಿಗಳು ಹೆಚ್ಚು ಬೆಳಗುವ ಬಾನಂಚಿನ ಕಡೆ ಓಡುತ್ತವೆ. ಸ್ವಾಭಾವಿಕವಾಗಿ ಅದು ಕಡಲು. ಕಟ್ಟಡದ ದೀಪ ಅದಕ್ಕಿಂತ ಬೆಳಗಿದರೆ ಮರಿ ರಸ್ತೆಯ ಕಡೆ ತಿರುಗುತ್ತದೆ. ತೆಂಗು, ಗಾಳಿಮರದ ಸಾಲು ಎರಡಂತಸ್ತಿನ ಮನೆಯ ದೀಪಕ್ಕೆ ಅಡ್ಡ ನಿಲ್ಲುತ್ತದೆ. ಎಂಟನೇ ಅಂತಸ್ತಿನ ಬಾಲ್ಕನಿಗೆ ನಿಲ್ಲುವುದಿಲ್ಲ. ‘ಸೀ ವ್ಯೂ’ ಎಂದರೇ ಅಡ್ಡ ಏನೂ ಇಲ್ಲ ಎಂದು ತಾನೇ?

‘ಎತ್ತರ ಕಟ್ಟಿದರೆ ಜಾಗ ಉಳಿಯುತ್ತದಲ್ಲ?’

ಈ ವಾದವನ್ನು ತಳ್ಳಿಹಾಕುವಂತಿಲ್ಲ. ನಗರದಲ್ಲಿ ಇದು ಬಹಳ ಮಟ್ಟಿಗೆ ನಿಜ. ಬೆಂಗಳೂರು ಸುತ್ತಲಿನ ಹೊಲಗಳಿಗೆ ಹರಡುವ ಬದಲು ಮೇಲಕ್ಕೆ ಬೆಳೆದರೆ ಒಳ್ಳೆಯದು ಎನ್ನುವವರಲ್ಲಿ ನಾವೂ ಇದ್ದೇವೆ. ಆದರೆ ಈ ಉಳಿತಾಯ ಆಗಬೇಕಾದರೆ ಎರಡು ಬೇಕು: ನೀರು, ಚರಂಡಿ ಬೇರೆ ಕಡೆಯಿಂದ ಬಂದು ಬೇರೆ ಕಡೆಗೆ ಹೋಗುವ ವ್ಯವಸ್ಥೆ, ಮತ್ತು ಉಳಿದ ಜಾಗ ಉಳಿದೇ ಉಳಿಯುತ್ತದೆ ಎಂಬ ಭರವಸೆ. ಕಡಲಂಚಿನ ಹಳ್ಳಿಯಲ್ಲಿ ಮೊದಲನೆಯದು ಸಾಮಾನ್ಯವಾಗಿ ಇರುವುದಿಲ್ಲ. ಎರಡನೆಯದು ಇನ್ನೂ ಕಷ್ಟ. ಒಂದು ಎತ್ತರದ ಕಟ್ಟಡಕ್ಕೆ ಬೆಲೆ ಬಂದರೆ ಪಕ್ಕದ ತೋಟದ ಬೆಲೆಯೂ ಏರುತ್ತದೆ, ಆಮೇಲೆ ಆ ತೋಟದಲ್ಲಿ ತೆಂಗಿನಕಾಯಿ ಕೀಳುವುದಕ್ಕಿಂತ ಮಾರುವುದೇ ಲಾಭ ಎನಿಸುತ್ತದೆ.

ಲೈಸೆನ್ಸ್ ಇದ್ದೂ ಉರುಳಿದ ಮನೆಗಳು

ಫಾರ್ವರ್ಡ್‌ನಲ್ಲಿ ‘ಪಂಚಾಯಿತಿ ಲೈಸೆನ್ಸ್ ಇದೆ’ ಎಂಬ ಸಾಲು ನೋಡಿದಿರಲ್ಲ. ಅದರ ಬೆಲೆ ತಿಳಿಯಬೇಕಾದರೆ ಕೇರಳದ ಕೊಚ್ಚಿ ಪಕ್ಕದ ಮರಡು ನೋಡಬೇಕು.

2006ರಲ್ಲಿ ಮರಡು ಇನ್ನೂ ಗ್ರಾಮ ಪಂಚಾಯಿತಿ. ಹಿನ್ನೀರಿನ ದಂಡೆಯಲ್ಲಿ ಬಹುಮಹಡಿ ಕಟ್ಟಡಗಳಿಗೆ ಪಂಚಾಯಿತಿ ಪರವಾನಗಿ ಕೊಟ್ಟಿತು. ಜಾಗ ಆಗ ಸಿಆರ್‌ಝಡ್ ಮೂರನೇ ವರ್ಗದಲ್ಲಿತ್ತು. ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. ಕಟ್ಟಡ ಎದ್ದವು, ಜನ ಕೊಂಡರು, ಬ್ಯಾಂಕಿನ ಸಾಲ ತೀರಿಸುತ್ತಾ ವರ್ಷಗಟ್ಟಲೆ ವಾಸವಿದ್ದರು. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಅವನ್ನು ತೆಗೆಯುವಂತೆ ಆದೇಶಿಸಿತು. ‘ಈಗ ಇದು ಪಟ್ಟಣ, ನಿಯಮ ಸಡಿಲವಾಗಿದೆ’ ಎಂಬ ವಾದ ನಿಲ್ಲಲಿಲ್ಲ. 2020ರ ಜನವರಿ 11 ಮತ್ತು 12ರಂದು ಹೋಲಿ ಫೇತ್, ಆಲ್ಫಾ ಸೆರೀನ್, ಜೈನ್ಸ್ ಕೋರಲ್ ಕೋವ್, ಗೋಲ್ಡನ್ ಕಾಯಲೋರಂ ಎಂಬ ನಾಲ್ಕು ಸಮುಚ್ಚಯಗಳು ಸ್ಫೋಟಕಕ್ಕೆ ಸೆಕೆಂಡುಗಳಲ್ಲಿ ಕುಸಿದವು. ಆ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂದಿತ್ತು, ಪಟಾಕಿ ನೋಡಿದಂತೆ ನೋಡಿ ಮುಂದೆ ಕಳಿಸಿದ್ದೆವು. ಅದರೊಳಗೆ 343 ಫ್ಲ್ಯಾಟ್‌ಗಳಿದ್ದವು. ಮಾಲೀಕರಿಗೆ ತಲಾ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡುವಂತೆ ಕೋರ್ಟ್ ಹೇಳಿತು, ಮನೆ ಉಳಿಸಲಿಲ್ಲ.

ಮರಡು ಕಡಲಿಗೆ ಮುಖ ಮಾಡಿದ ಊರಲ್ಲ, ಹಿನ್ನೀರಿನ ಊರು. ಅಘನಾಶಿನಿ, ಶರಾವತಿ, ಗಂಗಾವಳಿ ದಂಡೆಯ ‘ರಿವರ್ ವ್ಯೂ’ ಪ್ಲಾಟ್ ಮಾರುವಾಗ ‘ಇದು ನದಿ, ಸಿಆರ್‌ಝಡ್ ಬರಲ್ಲ’ ಎಂದರೆ ಇದನ್ನು ನೆನಪಿಸಿ. ಉಬ್ಬರ ಇಳಿತ ಎಲ್ಲಿಯವರೆಗೆ ಕಾಣುತ್ತದೋ ಅಲ್ಲಿಯವರೆಗಿನ ದಂಡೆ ಈ ನಿಯಮದೊಳಗೇ. ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಜೌಗುಪ್ರದೇಶದ ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ಬಳಚು ಆರಿಸಿ ಬದುಕುವ ಕುಟುಂಬಗಳಿಗೆ ದಂಡೆಯ ಕೊಳಚೆ ನೇರವಾಗಿ ಅನ್ನಕ್ಕೆ ಬರುವ ಕುತ್ತು.

ಕೊಳ್ಳುವ ಮುಂಚೆ ಏನು ನೋಡಬೇಕು

ಎನ್‌ಎ ಎಂದರೆ ಜಮೀನು ಕೃಷಿಯೇತರ ಬಳಕೆಗೆ ಬದಲಾಗಿದೆ ಎಂದಷ್ಟೇ. ಇ-ಸ್ವತ್ತು ಎಂದರೆ ಪಂಚಾಯಿತಿ ದಾಖಲೆಯಲ್ಲಿ ಆಸ್ತಿ ಇದೆ ಎಂದಷ್ಟೇ. ಬ್ಯಾಂಕ್ ಸಾಲ ಕೊಟ್ಟಿದೆ ಎಂದರೆ ಬ್ಯಾಂಕ್ ಸಾಲ ಕೊಟ್ಟಿದೆ ಎಂದಷ್ಟೇ. ಇವು ಮೂರೂ ಸೇರಿದರೂ ಸಿಆರ್‌ಝಡ್ ಒಪ್ಪಿಗೆ ಆಗುವುದಿಲ್ಲ.

ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಮೀಟರ್’ ಅಲ್ಲ, ‘ಯಾವ ಸರ್ವೆ ನಂಬರ್, ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಅದು ಯಾವ ವರ್ಗ’ ಎಂದು. 2019ರ ಅಧಿಸೂಚನೆಯಂತೆ ಕರ್ನಾಟಕದ ನಕ್ಷೆಗಳು ಕೇಂದ್ರದ ಅನುಮೋದನೆ ಪಡೆದಿವೆ. ಭರತರೇಖೆ, 50, 200, 500 ಮೀಟರಿನ ಗೆರೆಗಳು ಅದರಲ್ಲಿರುತ್ತವೆ. ನಕ್ಷೆ ಅರ್ಥವಾಗದಿದ್ದರೆ ಆ ಸರ್ವೆ ನಂಬರ್ ಬರೆದು ಪ್ರದೇಶದ ಪರಿಸರ ಇಲಾಖೆಯ ಕಚೇರಿಗೆ ಲಿಖಿತ ಅರ್ಜಿ ಕೊಡಿ, ಉತ್ತರವನ್ನೂ ಲಿಖಿತವಾಗಿಯೇ ಕೇಳಿ. ಬಾಯಿಮಾತಿನ ‘ಆಗ್ತದೆ ಬಿಡಿ’ ಮರಡುವಿನಲ್ಲೂ ಇತ್ತು.

ಇನ್ನೊಂದು ಕೊರತೆಯನ್ನೂ ಹೇಳಿಬಿಡಬೇಕು. ಈ 9 ಮೀಟರ್ ಕಡಲಿನಿಂದ 500 ಮೀಟರ್ ಒಳಗಷ್ಟೇ ಕಾಯುತ್ತದೆ. 501ನೇ ಮೀಟರಿನಲ್ಲಿ ಎತ್ತರವನ್ನು ತೀರ್ಮಾನಿಸುವುದು ಸ್ಥಳೀಯ ಯೋಜನಾ ನಿಯಮಗಳು, ಪಂಚಾಯಿತಿ. ಅಂತರ್ಜಲಕ್ಕೆ ಈ ಗೆರೆ ಗೊತ್ತಿಲ್ಲ. ಅಲ್ಲಿ ಎಂಟು ಅಂತಸ್ತು ಎದ್ದರೂ ಬಾವಿಯ ಲೆಕ್ಕ ಮೇಲೆ ಹೇಳಿದ್ದೇ. ಹೆದ್ದಾರಿ ಅಗಲವಾದ ಮೇಲೆ ಒತ್ತಡ ಬರುತ್ತಿರುವುದು ಆ ಪಟ್ಟಿಯ ಮೇಲೇ ಹೆಚ್ಚು ಎಂದು ನಮ್ಮ ಅನಿಸಿಕೆ. ಅಲ್ಲಿ ಎತ್ತರಕ್ಕೆ ಮಿತಿ ಬೇಕೆಂದರೆ ಊರಿನವರು ಗ್ರಾಮಸಭೆಯಲ್ಲಿ ಕೇಳಬೇಕು, ಯೋಜನಾ ಪ್ರಾಧಿಕಾರ ಮಾಸ್ಟರ್ ಪ್ಲಾನ್ ಪ್ರಕಟಿಸಿ ಆಕ್ಷೇಪಣೆ ಕರೆದಾಗ ಲಿಖಿತವಾಗಿ ಸಲ್ಲಿಸಬೇಕು. ಆ ಪ್ರಕಟಣೆ ಮಾತ್ರ ಯಾವ ಗುಂಪಿನಲ್ಲೂ ಫಾರ್ವರ್ಡ್ ಆಗಿ ಬರುವುದಿಲ್ಲ, ಕಚೇರಿಯ ನೋಟಿಸ್ ಬೋರ್ಡಿನಲ್ಲೋ ಪತ್ರಿಕೆಯ ಒಳಪುಟದಲ್ಲೋ ಸಣ್ಣ ಅಕ್ಷರದಲ್ಲಿ ಬರುತ್ತದೆ.